ಹಳೆಯ ಕ್ಯಾಮೆರಾಕ್ಕೆ ಹೊಸ ಬೆನ್ನು: ಸಗರನಾಡಿನ ಚಿತ್ರಸಂಪತ್ತನ್ನು ಕಾಯುವವರಾರು?

ಯಾದಗಿರಿ: ಸುರಪುರ ಶೈಲಿಯ ಒಂದು ಚಿಕಣಿ ಚಿತ್ರವನ್ನು ಮೊಬೈಲ್‌ನಲ್ಲಿ ಸೆರೆಹಿಡಿದು ಊರವರಿಗೆಲ್ಲ ಕಳುಹಿಸಲು ಇಂದು ಅರ್ಧ ನಿಮಿಷ ಸಾಕು. ಆದರೆ ಮೂಲ ಚಿತ್ರವು ಗೆದ್ದಲಿಗೋ ಮಳೆನೀರಿಗೋ ಬಲಿಯಾದ ದಿನ, ಆ ಮೊಬೈಲ್ ಪ್ರತಿಯಿಂದ ಅದರ ಕುಂಚದ ಎಳೆಯನ್ನು, ಚಿನ್ನದ ರೇಕಿನ ಉಬ್ಬನ್ನು, ಬಣ್ಣದ ನಿಜವಾದ ಛಾಯೆಯನ್ನು ಮರಳಿ ಪಡೆಯುವುದು ಅಸಾಧ್ಯ. ಚಿತ್ರ ತೆಗೆಯುವುದಕ್ಕೂ ದಾಖಲೆ ಮಾಡುವುದಕ್ಕೂ ಇರುವ ಈ ಅಂತರವೇ ಯಾದಗಿರಿ ಜಿಲ್ಲೆಯ ಪಾಲಿಗೆ ಇದೀಗ ಮಹತ್ವದ ಪ್ರಶ್ನೆಯಾಗಿ ಪರಿಣಮಿಸಿದೆ.

2025ರ ಫೆಬ್ರುವರಿಯಲ್ಲಿ ಮಂಡನೆಯಾದ ಕೇಂದ್ರ ಬಜೆಟ್‌ನಲ್ಲಿ 'ಜ್ಞಾನ ಭಾರತಂ' ಯೋಜನೆಯನ್ನು ಪ್ರಕಟಿಸಲಾಯಿತು. ವಿದ್ಯಾಸಂಸ್ಥೆಗಳು, ವಸ್ತುಸಂಗ್ರಹಾಲಯಗಳು, ಗ್ರಂಥಾಲಯಗಳು ಹಾಗೂ ಖಾಸಗಿ ಸಂಗ್ರಾಹಕರ ಬಳಿ ಇರುವ ಒಂದು ಕೋಟಿಗೂ ಅಧಿಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆ ಇದರ ಗುರಿ. 'ಖಾಸಗಿ ಸಂಗ್ರಾಹಕರು' ಎಂಬ ಮಾತು ಸಗರನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸಂಸ್ಥಾನ ಹೋಗಿ ಒಂದೂವರೆ ಶತಮಾನ ಕಳೆದರೂ ಇಲ್ಲಿನ ಚಿತ್ರ, ಕಡತ, ಓಲೆಗರಿಗಳ ಬಹುಭಾಗ ಸಾರ್ವಜನಿಕ ಸಂಸ್ಥೆಗಳನ್ನು ಸೇರಿದ್ದಕ್ಕಿಂತ ಮನೆ, ಮಠಗಳಲ್ಲಿ ಉಳಿದುಕೊಂಡಿದ್ದೇ ಹೆಚ್ಚು. ಹಾಗಿರುವಾಗ ದಾಖಲೀಕರಣದ ತಂಡವೊಂದು ಬಂದಲ್ಲಿ ಯಾವ ಸಲಕರಣೆಯೊಂದಿಗೆ ಬರಬೇಕು, ಎಷ್ಟು ಸೂಕ್ಷ್ಮವಾಗಿ ಸೆರೆಹಿಡಿಯಬೇಕು, ಪ್ರತಿ ಯಾರ ವಶದಲ್ಲಿರಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳದಿದ್ದರೆ, ಲಕ್ಷಾಂತರ ರೂಪಾಯಿ ವೆಚ್ಚ ಮಾಡಿಯೂ ಎರಡನೇ ದರ್ಜೆಯ ಪ್ರತಿಗಳೇ ಉಳಿಯುವ ಅಪಾಯವಿದೆ.

ಈ ಚರ್ಚೆಯ ನಡುವೆ ಜಗತ್ತಿನ ಗ್ರಂಥಾಲಯಗಳಲ್ಲಿ ಹಾಗೂ ವಸ್ತುಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿರುವ, ನಮ್ಮಲ್ಲಿ ಮಾತ್ರ ಅಷ್ಟಾಗಿ ಪರಿಚಿತವಲ್ಲದ ಉಪಕರಣವೊಂದರತ್ತ ಗಮನ ಹರಿಸುವುದು ಸೂಕ್ತ. ಅದೇ ಡಿಜಿಟಲ್ ಬ್ಯಾಕ್.

ಬೆನ್ನು ಬದಲಿಸುವ ಕ್ಯಾಮೆರಾ

ಫಿಲಂ ಕಾಲದ ದೊಡ್ಡ ಕ್ಯಾಮೆರಾಗಳು ಒಂದೇ ಪೆಟ್ಟಿಗೆಯಾಗಿರಲಿಲ್ಲ. ಮುಂದೆ ಲೆನ್ಸ್, ನಡುವೆ ಕತ್ತಲ ಕೋಣೆಯಂಥ ದೇಹ, ಹಿಂದೆ ಫಿಲಂ ಹಿಡಿಯುವ ಪ್ರತ್ಯೇಕ ಭಾಗ. ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಕಂಪನಿ 1948ರಲ್ಲಿ ಹೊರತಂದ ಕ್ಯಾಮೆರಾದಲ್ಲಿಯೇ ಈ ಹಿಂಭಾಗವನ್ನು ಕಳಚಿ ಬೇರೊಂದನ್ನು ಜೋಡಿಸುವ ಅನುಕೂಲವಿತ್ತು. ಒಂದು ಸುರುಳಿಯಲ್ಲಿ ಕಪ್ಪು ಬಿಳುಪು, ಇನ್ನೊಂದರಲ್ಲಿ ವರ್ಣ ಫಿಲಂ ತುಂಬಿಟ್ಟುಕೊಂಡು ಬೇಕಾದಾಗ ಬದಲಿಸಬಹುದಾಗಿತ್ತು. ಆ ಫಿಲಂ ಪೆಟ್ಟಿಗೆಯ ಜಾಗದಲ್ಲಿ ವಿದ್ಯುನ್ಮಾನ ಸಂವೇದಕವನ್ನು ಕೂರಿಸಿದರೆ ಅದೇ ಡಿಜಿಟಲ್ ಬ್ಯಾಕ್. ಲೆನ್ಸೂ ಹಳೆಯದೇ, ದೇಹವೂ ಹಳೆಯದೇ. ಬದಲಾಗಿರುವುದು ಬೆನ್ನು ಮಾತ್ರ.

1990ರ ದಶಕದ ಆರಂಭದಲ್ಲಿ ಲೀಫ್ ಸಂಸ್ಥೆ ಹೊರತಂದ ಮೊದಲ ಬ್ಯಾಕ್‌ನಲ್ಲಿ ಇದ್ದದ್ದು ಸುಮಾರು 40 ಲಕ್ಷ ಚಿತ್ರಬಿಂದುಗಳು. ಬಣ್ಣದ ಚಿತ್ರ ಬೇಕಿದ್ದರೆ ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಮೂರು ಬಾರಿ ಕ್ಲಿಕ್ಕಿಸಬೇಕಿತ್ತು. ಹೀಗಾಗಿ ಅಲುಗಾಡದ ವಸ್ತುಗಳಿಗೆ ಮಾತ್ರ ಅದು ಉಪಯುಕ್ತವಾಗಿತ್ತು. 1993ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಫೇಸ್ ವನ್ ಕಂಪನಿ ಈ ಕ್ಷೇತ್ರದಲ್ಲಿ ಮುಂಚೂಣಿಗೆ ಬಂದಿತು. ಅದು 2018ರಲ್ಲಿ ಬಿಡುಗಡೆ ಮಾಡಿದ ಬ್ಯಾಕ್ 15 ಕೋಟಿ ಚಿತ್ರಬಿಂದುಗಳದ್ದು. ಹ್ಯಾಸೆಲ್‌ಬ್ಲಾಡ್ 2024ರ ಜನವರಿಯಲ್ಲಿ 10 ಕೋಟಿ ಚಿತ್ರಬಿಂದುಗಳ 'ಸಿಎಫ್‌ವಿ 100ಸಿ' ಬ್ಯಾಕ್ ಪರಿಚಯಿಸಿತು. 1957ರಲ್ಲಿ ಬಂದ ತನ್ನದೇ '500ಸಿ' ಸರಣಿಯ ಫಿಲಂ ಕ್ಯಾಮೆರಾಗಳಿಗೂ ಇದನ್ನು ಜೋಡಿಸಬಹುದು ಎಂಬುದು ಗಮನಾರ್ಹ. ಅಜ್ಜನ ಕಾಲದ ಯಂತ್ರಕ್ಕೆ ಮೊಮ್ಮಗನ ಕಾಲದ ಬೆನ್ನು ಹೊಂದುವ ಇಂಥ ಉದಾಹರಣೆ ವಿದ್ಯುನ್ಮಾನ ಜಗತ್ತಿನಲ್ಲಿ ವಿರಳ.

ಸಗರನಾಡಿನಲ್ಲಿ ಏನಿದೆ?

ಉಪಕರಣದ ಅಗತ್ಯವನ್ನು ನಿರ್ಧರಿಸುವ ಮುನ್ನ ಇಲ್ಲಿ ದಾಖಲಿಸಬೇಕಾದದ್ದು ಏನೆಂಬುದನ್ನು ಅರಿಯಬೇಕು.

ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿಕಣಿ ಚಿತ್ರಕಲೆಯು ದಖ್ಖನಿ ಶೈಲಿಯ ಸೊಗಸನ್ನೂ ಮೈಸೂರು, ತಂಜಾವೂರು ಶೈಲಿಗಳಂತೆ ಚಿನ್ನದ ಬಳಕೆಯನ್ನೂ ಮೈಗೂಡಿಸಿಕೊಂಡಿದೆ. 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯವನ್ನು ಬ್ರಿಟಿಷರು ಹತ್ತಿಕ್ಕಿದ ಬಳಿಕ, 1860ರಲ್ಲಿ ಸಂಸ್ಥಾನವು ಹೈದರಾಬಾದ್ ನಿಜಾಮನ ಪಾಲಾಯಿತು. ಆಶ್ರಯ ತಪ್ಪಿದ ಕಲೆ ಕ್ರಮೇಣ ಕ್ಷೀಣಿಸಿತು. ಇತ್ತೀಚಿನ ದಶಕಗಳಲ್ಲಿ ಕಲಬುರಗಿಯ ಕಲಾವಿದ ವಿಜಯ ಹಾಗರಗುಂಡಗಿ ಅವರು ಈ ಶೈಲಿಯ ಪುನರುಜ್ಜೀವನಕ್ಕೆ ಶ್ರಮಿಸಿದ್ದಾರೆ. ಆದರೆ ಪುನರುಜ್ಜೀವನಕ್ಕೂ ಮೂಲ ಮಾದರಿ ಬೇಕು. ಮೂಲ ಚಿತ್ರಗಳು ಒಂದೊಂದಾಗಿ ಮಾಸುತ್ತ ಹೋದರೆ ಮುಂದಿನ ಪೀಳಿಗೆಯ ಕಲಾವಿದರಿಗೆ ನೋಡಿ ಕಲಿಯಲು ಉಳಿಯುವುದೇನು?

ಎರಡನೆಯದು ಸ್ಮಾರಕಗಳು. ಯಾದಗಿರಿಯ ಬೆಟ್ಟದ ಕೋಟೆ, ಶಹಾಪುರದ ಮಲಗಿದ ಬುದ್ಧನನ್ನು ಹೋಲುವ ಬೆಟ್ಟದ ಸಾಲು, ಶಿರವಾಳದ ದೇವಾಲಯ ಸಮುಚ್ಚಯ, ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಶಾಹ್ ಸಮಾಧಿಯಿರುವ ಗೋಗಿ, ಔರಂಗಜೇಬನ ಸೇನೆ 1705ರಲ್ಲಿ ಮುತ್ತಿಗೆ ಹಾಕಿದ ವಾಗಿನಗೇರಾ, ರಾಜನಕೋಳೂರಿನ ಬೃಹತ್ ಶಿಲಾ ಗೋರಿಗಳು ಇದರಲ್ಲಿ ಸೇರುತ್ತವೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪ್ರೊ. ಕೆ. ಪದ್ದಯ್ಯ ಮತ್ತು ಸಂಗಡಿಗರು ಶೋಧಿಸಿದ ಆದಿಮಾನವರ ಕಲ್ಲಿನ ಆಯುಧ ತಯಾರಿಕೆಯ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಅಂದಾಜಿಸಲಾಗಿದೆ.

ಮೂರನೆಯದು, ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯದ ಸಂಪತ್ತು: ಊರೂರಿನ ಫೋಟೊ ಸ್ಟುಡಿಯೊಗಳ ನೆಗೆಟಿವ್‌ಗಳು. ಮದುವೆ, ಜಾತ್ರೆ, ಶಾಲೆಯ ಗುಂಪು ಚಿತ್ರ, ರಾಜಕಾರಣಿಗಳ ಭೇಟಿ ಹೀಗೆ ಅರ್ಧ ಶತಮಾನದ ಸಾಮಾಜಿಕ ಇತಿಹಾಸ ಅವುಗಳಲ್ಲಿದೆ. ಒಂದು ಊರಿನ ಪೇಟೆ ಹೇಗಿತ್ತು, ಹೆಣ್ಣುಮಕ್ಕಳು ಯಾವ ಬಗೆಯ ಇಳಕಲ್ಲ ಸೀರೆ ಉಡುತ್ತಿದ್ದರು, ಯಾವ ಓಣಿಯಲ್ಲಿ ಯಾವ ಬಾವಿ ಇತ್ತು ಎಂಬುದಕ್ಕೆ ಗೆಜೆಟಿಯರ್‌ಗಳಿಗಿಂತ ಇವು ಖಚಿತವಾದ ಸಾಕ್ಷ್ಯ.

ಟೇಲರ್ ಬರೆದ, ಇತರರು ಸೆರೆಹಿಡಿದ

ಈ ನೆಲಕ್ಕೂ ದೊಡ್ಡ ಅಳತೆಯ ಛಾಯಾಗ್ರಹಣಕ್ಕೂ ಹಳೆಯ ನಂಟೊಂದು ಇದೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ಇಲ್ಲಿನ ಶಿಲಾಗೋರಿಗಳನ್ನು ಅಳೆದು, ನಕ್ಷೆ ಬರೆದು 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನಗಳನ್ನು ಪ್ರಕಟಿಸಿದ. ಅವನು ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿದೆ.

1855ರಲ್ಲಿ ಮುಂಬಯಿ ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡ ಥಾಮಸ್ ಬಿಗ್ಸ್, ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಅವನ ಬಳಿಕ ಡಾ. ಪಿಗೂ ಆ ಕೆಲಸ ಮುಂದುವರಿಸಿದ. ಈ ಚಿತ್ರಗಳು 1866ರಲ್ಲಿ ಲಂಡನ್ನಿನಿಂದ ಗ್ರಂಥರೂಪದಲ್ಲಿ ಹೊರಬಂದಾಗ ಬಿಜಾಪುರ ಸಂಪುಟಕ್ಕೂ ಧಾರವಾಡ-ಮೈಸೂರು ಸಂಪುಟಕ್ಕೂ ಐತಿಹಾಸಿಕ ವಿವರಣೆ ಬರೆದವನು ಇದೇ ಟೇಲರ್. ಸುರಪುರವನ್ನು ಬಲ್ಲವನ ಲೇಖನಿ ಬಿಜಾಪುರದ ಚಿತ್ರಗಳಿಗೆ ಒದಗಿತು. ಆದರೆ ಆ ಸಂಪುಟಗಳ ಕ್ಯಾಮೆರಾ ನೋಡಿದ್ದು ಬಿಜಾಪುರ, ಧಾರವಾಡ, ಮೈಸೂರು ಕಡೆಯ ಕಟ್ಟಡಗಳನ್ನು. ಸುರಪುರ ಸಂಸ್ಥಾನ ಅದರ ಹೊರಗುಳಿಯಿತು.

ದೊಡ್ಡ ನೆಗೆಟಿವ್ ಏನನ್ನು ಉಳಿಸಿಕೊಡಬಲ್ಲದು ಎಂಬುದಕ್ಕೆ ಹಂಪಿಗಿಂತ ಉತ್ತಮ ನಿದರ್ಶನವಿಲ್ಲ. 1856ರ ಸುಮಾರಿಗೆ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಅದೇ ನೋಟಗಳನ್ನು ಮರಳಿ ಸೆರೆಹಿಡಿದರು. ಯಾವ ಗೋಪುರ ಕುಸಿಯಿತು, ಯಾವ ಕಂಬ ಕಾಣೆಯಾಯಿತು, ಯಾವುದನ್ನು ನಂತರ ಮರುಜೋಡಿಸಲಾಯಿತು ಎಂಬುದನ್ನು ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಗುರುತಿಸಲು ವಿದ್ವಾಂಸರಿಗೆ ಸಾಧ್ಯವಾಯಿತು. 127 ವರ್ಷಗಳ ಬಳಿಕವೂ ಹೋಲಿಕೆಗೆ ಒದಗುವಷ್ಟು ವಿವರ ಮೊದಲ ಚಿತ್ರದಲ್ಲಿ ಇದ್ದುದೇ ಇದಕ್ಕೆ ಕಾರಣ. ಯಾದಗಿರಿ ಕೋಟೆಯನ್ನೋ ಗೋಗಿಯ ಸಮಾಧಿಗಳನ್ನೋ ಇಂದು ಸೆರೆಹಿಡಿಯುವವರು 2150ನೇ ಇಸವಿಯ ಓದುಗನನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಲೆಕ್ಕ ಏನು ಹೇಳುತ್ತದೆ?

ಚಿತ್ರ ಮತ್ತು ಹಸ್ತಪ್ರತಿಗಳ ದಾಖಲೀಕರಣದಲ್ಲಿ ಮೂಲವಸ್ತುವಿನ ಪ್ರತಿ ಅಂಗುಲಕ್ಕೆ ಎಷ್ಟು ಬಿಂದುಗಳು ಸೆರೆಯಾದವು ಎಂಬುದು ಮುಖ್ಯ. ಸೂಕ್ಷ್ಮ ಕೆಲಸವಿರುವ ಚಿತ್ರಕ್ಕೆ ಅಂಗುಲಕ್ಕೆ 600 ಬಿಂದುಗಳ ಗುರಿ ಇಟ್ಟುಕೊಂಡರೆ ಲೆಕ್ಕ ಸರಳ. 20 ಅಂಗುಲ ಅಗಲ, 15 ಅಂಗುಲ ಎತ್ತರದ ಚಿತ್ರವೊಂದಕ್ಕೆ 12,000 x 9,000 ಬಿಂದುಗಳು, ಅಂದರೆ 10.8 ಕೋಟಿ ಬೇಕು. ಮದುವೆ ಛಾಯಾಗ್ರಾಹಕರ ಬಳಿ ಸಾಮಾನ್ಯವಾಗಿರುವ 2.4 ಕೋಟಿ ಬಿಂದುಗಳ ಕ್ಯಾಮೆರಾ ಇದೇ ಚಿತ್ರಕ್ಕೆ ಕೊಡಬಲ್ಲುದು ಅಂಗುಲಕ್ಕೆ ಸುಮಾರು 265 ಬಿಂದುಗಳನ್ನು. 6 ಕೋಟಿ ಬಿಂದುಗಳ ಕ್ಯಾಮೆರಾ 420ರ ಆಸುಪಾಸು ತಲುಪುತ್ತದೆ. 10 ಕೋಟಿಯ ಡಿಜಿಟಲ್ ಬ್ಯಾಕ್ ಒಂದೇ ಕ್ಲಿಕ್ಕಿನಲ್ಲಿ ಗುರಿಯ ಹತ್ತಿರ ಬರುತ್ತದೆ.

ಓಲೆಗರಿಯ ಲೆಕ್ಕ ಬೇರೆ. ಉಡುಪಿಯಲ್ಲಿ ಮಧ್ವಾಚಾರ್ಯರ 'ಸರ್ವಮೂಲ' ಗ್ರಂಥಗಳ ಸುಮಾರು 700 ವರ್ಷ ಹಳೆಯ ತಾಳೆಗರಿ ಪ್ರತಿಯನ್ನು ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪಿ.ಆರ್. ಮುಕುಂದ್ ಹಾಗೂ ರೋಜರ್ ಈಸ್ಟನ್ ಅವರ ತಂಡ ಡಿಜಿಟಲ್ ರೂಪಕ್ಕೆ ತಂದದ್ದು 2000ದ ದಶಕದ ಮಧ್ಯಭಾಗದಲ್ಲಿ. ಅಲ್ಲಿನ ಒಂದೊಂದು ಗರಿ 26 ಅಂಗುಲ ಉದ್ದ, 2 ಅಂಗುಲ ಅಗಲ. ಕಪ್ಪಾದ ಗರಿಯಿಂದ ಮಸಿಯನ್ನು ಬೇರ್ಪಡಿಸಿ ಕಾಣಲು ಅವಗೆಂಪು ಶೋಧಕವನ್ನು ಬಳಸಿ, ಗರಿಯನ್ನು ಹತ್ತು ತುಂಡುಗಳಾಗಿ ಸೆರೆಹಿಡಿದು, ಕಂಪ್ಯೂಟರಿನಲ್ಲಿ ಹೊಲಿದಂತೆ ಜೋಡಿಸಲಾಯಿತು. ಇಂದಿನ 15 ಕೋಟಿ ಬಿಂದುಗಳ ಬ್ಯಾಕ್ ಕೂಡ 26 ಅಂಗುಲಕ್ಕೆ ಹಂಚಿದಾಗ ಅಂಗುಲಕ್ಕೆ 546 ಬಿಂದುಗಳನ್ನಷ್ಟೇ ಕೊಡುತ್ತದೆ. ಅರ್ಥಾತ್, ಅತಿ ದುಬಾರಿ ಉಪಕರಣವಿದ್ದರೂ ಉದ್ದನೆಯ ಗರಿಗೆ ತುಂಡು ಜೋಡಣೆ ತಪ್ಪದು; ತುಂಡುಗಳ ಸಂಖ್ಯೆ ಹತ್ತರಿಂದ ಎರಡಕ್ಕೆ ಇಳಿಯುತ್ತದೆ ಅಷ್ಟೆ. ಆದರೆ ಸಾವಿರಾರು ಗರಿಗಳ ಕೆಲಸದಲ್ಲಿ ಹತ್ತಕ್ಕೂ ಎರಡಕ್ಕೂ ಇರುವ ವ್ಯತ್ಯಾಸವು ತಿಂಗಳುಗಟ್ಟಲೆ ಕಾಲದ ವ್ಯತ್ಯಾಸ. ಹಳೆಯ ಗರಿಯನ್ನು ಕೈಯಿಂದ ಸರಿಸುವ ಪ್ರತಿ ಬಾರಿಯೂ ಅದು ಮುರಿಯುವ ಭಯವಿರುವುದರಿಂದ, ಕಡಿಮೆ ಕ್ಲಿಕ್ಕು ಎಂದರೆ ಕಡಿಮೆ ಹಾನಿ ಎಂದೂ ಅರ್ಥ.

ಬಿಂದುಗಳ ಸಂಖ್ಯೆಯೊಂದರಿಂದಲೇ ಎಲ್ಲವೂ ಆಗದು. ಸುರಪುರದ ಚಿತ್ರಗಳ ಚಿನ್ನವೇ ಇಲ್ಲಿ ದೊಡ್ಡ ಪರೀಕ್ಷೆ. ಚಿತ್ರದ ಮೇಲಿನ ಹೊಳಪು ತಪ್ಪಿಸಲು ದೀಪಗಳಿಗೂ ಲೆನ್ಸಿಗೂ ಪರಸ್ಪರ ಅಡ್ಡಲಾಗಿ ಪೋಲರೈಸರ್ ಹಾಕುವುದು ರೂಢಿ. ಇದರಿಂದ ಬಣ್ಣಗಳು ಸ್ಪಷ್ಟವಾಗುತ್ತವೆ, ಆದರೆ ಚಿನ್ನ ಕಪ್ಪಾಗಿ ಕಾಣುತ್ತದೆ. ಹೀಗಾಗಿ ಬಣ್ಣಕ್ಕೊಂದು, ಓರೆ ಬೆಳಕಿನಲ್ಲಿ ಚಿನ್ನದ ಉಬ್ಬಿಗೊಂದು ಎಂದು ಕನಿಷ್ಠ ಎರಡು ಪ್ರತಿಗಳು ಅಗತ್ಯ. ಜೊತೆಗೆ ಬಣ್ಣದ ಅಳತೆಪಟ್ಟಿಯನ್ನು ಇರಿಸದೆ ತೆಗೆದ ಚಿತ್ರವು ಎಷ್ಟೇ ದೊಡ್ಡದಿದ್ದರೂ ದಾಖಲೆ ಎನಿಸಿಕೊಳ್ಳದು. ಈ ಶಿಸ್ತು ಉಪಕರಣದೊಂದಿಗೆ ಪೆಟ್ಟಿಗೆಯಲ್ಲಿ ಬರುವುದಿಲ್ಲ; ಅದನ್ನು ಕಲಿಸಬೇಕಾಗುತ್ತದೆ.

ಹಳೆಯ ಕ್ಯಾಮೆರಾಗಳೆಲ್ಲ ಜೀವ ತಳೆಯುವವೇ?

ಡಿಜಿಟಲ್ ಬ್ಯಾಕ್ ಬಂದರೆ ಸ್ಟುಡಿಯೊಗಳ ಅಟ್ಟದ ಮೇಲಿರುವ ಹಳೆಯ ಕ್ಯಾಮೆರಾಗಳೆಲ್ಲ ಮತ್ತೆ ಕೆಲಸಕ್ಕೆ ಬರುತ್ತವೆ ಎಂಬ ಆಸೆ ಸಹಜ. ವಾಸ್ತವ ಹಾಗಿಲ್ಲ. ನಮ್ಮ ಕಡೆಯ ಸ್ಟುಡಿಯೊಗಳ ಅನ್ನದಾತನಾಗಿದ್ದುದು ಎರಡು ಕಣ್ಣಿನ ಯಾಶಿಕಾ, ರೋಲಿಕಾರ್ಡ್ ಮಾದರಿಯ ಕ್ಯಾಮೆರಾ. 120 ಸುರುಳಿಯಲ್ಲಿ 12 ಚೌಕ ಚಿತ್ರಗಳನ್ನು ಕೊಡುತ್ತಿದ್ದ ಈ ಯಂತ್ರಗಳ ಹಿಂಬಾಗಿಲು ದೇಹಕ್ಕೇ ಅಂಟಿಕೊಂಡಿದ್ದು, ಕಳಚಿ ಬದಲಿಸುವಂತಿಲ್ಲ. ಮಧ್ಯಮ ವರ್ಗದ ಮನೆಗಳಲ್ಲಿದ್ದ, ಭಾರತದಲ್ಲಿಯೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಕೂಡ ಇದೇ ಗುಂಪಿಗೆ ಸೇರಿದ್ದು. ಡಿಜಿಟಲ್ ಬ್ಯಾಕ್ ಹೊಂದುವುದು ಹ್ಯಾಸೆಲ್‌ಬ್ಲಾಡ್ 500 ಸರಣಿ, ಮಾಮಿಯಾ ಆರ್‌ಬಿ ಮತ್ತು ಆರ್‌ಜೆಡ್ ಮುಂತಾದ, ಹಿಂಭಾಗ ಕಳಚಬಹುದಾದ ಕ್ಯಾಮೆರಾಗಳಿಗೆ ಮಾತ್ರ. ಇವು ನಗರದ ಜಾಹೀರಾತು ಛಾಯಾಗ್ರಾಹಕರ ಸ್ವತ್ತಾಗಿದ್ದವೇ ಹೊರತು ತಾಲ್ಲೂಕು ಕೇಂದ್ರದ ಸ್ಟುಡಿಯೊಗಳದ್ದಲ್ಲ.

ತಲೆಯ ಮೇಲೆ ಕರಿಬಟ್ಟೆ ಹೊದ್ದು ಚಿತ್ರ ತೆಗೆಯುತ್ತಿದ್ದ ಮರದ ಕ್ಯಾಮೆರಾಗಳ ಸ್ಥಿತಿ ಕೊಂಚ ಭಿನ್ನ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾದ 'ವಾಗೀಶ್ವರಿ'ಯಂಥ ಕ್ಯಾಮೆರಾಗಳ ಹಿಂಭಾಗದ ಗಾಜನ್ನು ತೆಗೆದು ಅಡಾಪ್ಟರ್ ಮೂಲಕ ಬ್ಯಾಕ್ ಕೂರಿಸಲು ಸಾಧ್ಯವಿದೆ. ಆದರೆ ಇಲ್ಲಿ ಅಳತೆಯ ತೊಡಕು ಎದುರಾಗುತ್ತದೆ. 4 x 5 ಅಂಗುಲದ ಫಿಲಂ ಹಾಳೆಯ ವಿಸ್ತೀರ್ಣ ಸುಮಾರು 12,900 ಚದರ ಮಿಲಿಮೀಟರ್. 10 ಕೋಟಿ ಬಿಂದುಗಳ ಬ್ಯಾಕ್‌ನ ಸಂವೇದಕ 44 x 33 ಮಿ.ಮೀ., ಅಂದರೆ 1,452 ಚದರ ಮಿಲಿಮೀಟರ್. ಲೆನ್ಸು ಮೂಡಿಸುವ ಚಿತ್ರದ ಒಂಬತ್ತನೇ ಒಂದು ಪಾಲು ಮಾತ್ರ ದಾಖಲಾಗುತ್ತದೆ. 56 x 56 ಮಿ.ಮೀ. ಚೌಕದ ಫಿಲಂಗೆ ಹೋಲಿಸಿದರೂ ಇದು ಅರ್ಧಕ್ಕಿಂತ ಕಡಿಮೆ. ಹಳೆಯ ವಿಶಾಲ ಕೋನದ ಲೆನ್ಸು ಸಾಧಾರಣ ಲೆನ್ಸಿನಂತಾಗುತ್ತದೆ. ಇಕ್ಕಟ್ಟಿನ ಗರ್ಭಗುಡಿಯಲ್ಲೋ ಕೋಟೆಯ ಬಾಗಿಲಲ್ಲೋ ನಿಂತು ಚಿತ್ರ ತೆಗೆಯುವವರಿಗೆ ಇದು ದೊಡ್ಡ ಕೊರತೆ.

ಹಾಗಾದರೆ ಫಿಲಂ ಅನ್ನೇ ಮುಂದುವರಿಸಬಹುದಲ್ಲ ಎಂಬ ವಾದವೂ ಇದೆ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 'ಇಂದು' ಹೆಸರಿನ ಫಿಲಂ, ಕಾಗದಗಳನ್ನು ದೇಶಕ್ಕೆ ಒದಗಿಸಿದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲಮ್ಸ್ ಮುಚ್ಚಿಹೋಗಿದೆ. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು. ಅದರ ಬಳಿಕವೂ ಫಿಲಂ ಉತ್ಪಾದನೆ ಉಳಿದುಕೊಂಡಿದೆಯಾದರೂ ಬೆಲೆ ಏರಿದೆ. ದೊಡ್ಡ ಪ್ರಮಾಣದ ದಾಖಲೀಕರಣವನ್ನು ಇದರ ಮೇಲೆ ನಡೆಸುವುದು ವ್ಯಾವಹಾರಿಕವಲ್ಲ.

ಹಾಗಿದ್ದೂ ಈ ಹಳೆಯ ಸ್ಟುಡಿಯೊಗಳಿಗೆ ಡಿಜಿಟಲ್ ಬ್ಯಾಕ್‌ನಿಂದ ಒಂದು ದೊಡ್ಡ ಉಪಕಾರವಿದೆ. ಅದು ಕ್ಯಾಮೆರಾಕ್ಕಲ್ಲ, ನೆಗೆಟಿವ್‌ಗೆ. ಬೆಳಕಿನ ಮೇಜಿನ ಮೇಲೆ 56 ಮಿ.ಮೀ. ಚೌಕದ ನೆಗೆಟಿವ್ ಇಟ್ಟು 10 ಕೋಟಿ ಬಿಂದುಗಳ ಬ್ಯಾಕ್‌ನಿಂದ ಸೆರೆಹಿಡಿದರೆ ಅಂಗುಲಕ್ಕೆ 3,900ಕ್ಕೂ ಹೆಚ್ಚು ಬಿಂದುಗಳು ದೊರೆಯುತ್ತವೆ. ಸ್ಕ್ಯಾನರ್ ಹಲವು ನಿಮಿಷ ತೆಗೆದುಕೊಳ್ಳುವ ಕೆಲಸ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಈ ಕೆಲಸಕ್ಕೆ ತುರ್ತು ಇದೆ. ಅಸಿಟೇಟ್ ಫಿಲಂಗಳು ಶಾಖ ಮತ್ತು ತೇವದಲ್ಲಿ ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತವೆ. ಒಮ್ಮೆ ಆರಂಭವಾದ ಈ ಕೊಳೆತ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಯಾದಗಿರಿಯ ತಗಡಿನ ಅಟ್ಟಗಳು ನೆಗೆಟಿವ್‌ಗಳಿಗೆ ನಿಧಾನ ವಿಷವಿದ್ದಂತೆ. ಸ್ಟುಡಿಯೊ ಮುಚ್ಚಿದ ದಿನ ಅವು ಗುಜರಿ ಸೇರುವುದಂತೂ ರಾಜ್ಯದೆಲ್ಲೆಡೆ ಕಂಡುಬರುವ ದುರಂತ. ನಿಜಾಮನ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಅವರ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಭದ್ರವಾಗಿವೆ. ಅರಮನೆಯ ಛಾಯಾಗ್ರಾಹಕನಿಗೆ ದೊರೆತ ಆ ಭಾಗ್ಯ ತಾಲ್ಲೂಕಿನ ಛಾಯಾಗ್ರಾಹಕನಿಗೆ ದೊರೆತಿಲ್ಲ.

ಹಣವೋ, ಹೊಣೆಯೋ?

ಬೆಲೆಯ ಮಾತು ಅನಿವಾರ್ಯ. ಹ್ಯಾಸೆಲ್‌ಬ್ಲಾಡ್‌ನ 10 ಕೋಟಿ ಬಿಂದುಗಳ ಬ್ಯಾಕ್, ಪುಟ್ಟ ಕ್ಯಾಮೆರಾ ದೇಹದೊಂದಿಗೆ, 2024ರ ಬಿಡುಗಡೆ ವೇಳೆ ಅಮೆರಿಕದಲ್ಲಿ 8,199 ಡಾಲರ್ ಇತ್ತು. ತೆರಿಗೆ, ಸುಂಕ ಬಿಟ್ಟು ಸುಮಾರು 7 ಲಕ್ಷ ರೂಪಾಯಿ. 2018ರ ಫೇಸ್ ವನ್ ವ್ಯವಸ್ಥೆಯ ಬೆಲೆ 50,000 ಡಾಲರ್ ಮೀರಿತ್ತು. ಮೊದಲನೆಯದನ್ನೇ ಆರಿಸಿಕೊಂಡರೂ ಲೆನ್ಸು, ನಿಲುವು, ದೀಪ, ಕಂಪ್ಯೂಟರ್, ಸಂಗ್ರಹ ಸಾಧನಗಳೆಲ್ಲ ಸೇರಿ ವೆಚ್ಚ 15 ಲಕ್ಷದ ಆಸುಪಾಸಿಗೆ ಹೋಗುವುದು ಖಚಿತ.

ಒಬ್ಬ ಸ್ಟುಡಿಯೊ ಮಾಲೀಕನಿಗೆ ಇದು ಕನಸಿನ ಮಾತು. ಆದರೆ ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ನೇ ಸಾಲಿನಲ್ಲಿ 5,000 ಕೋಟಿ ರೂಪಾಯಿ ಅನುದಾನ ಘೋಷಣೆಯಾಗಿತ್ತು. ಆ ಮೊತ್ತದೊಂದಿಗೆ ಹೋಲಿಸಿದರೆ 15 ಲಕ್ಷ ಎಂಬುದು ಪ್ರತಿ ಲಕ್ಷಕ್ಕೆ ಮೂರು ರೂಪಾಯಿಯ ಲೆಕ್ಕ. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆಗಳಿಗೆ ಆದ್ಯತೆ ಇರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಶಿಕ್ಷಣ, ಆರೋಗ್ಯಗಳಲ್ಲಿ ಹಿಂದುಳಿದ ಜಿಲ್ಲೆಗೆ ದುಬಾರಿ ಕ್ಯಾಮೆರಾ ಏಕೆ ಎಂಬ ಪ್ರಶ್ನೆಯೂ ನ್ಯಾಯಸಮ್ಮತವೇ. ಆದರೆ ಶಾಲಾ ಕೊಠಡಿಯನ್ನು ಮುಂದಿನ ವರ್ಷ ಕಟ್ಟಬಹುದು. ಪುಡಿಯಾದ ಓಲೆಗರಿಯನ್ನು ಮುಂದಿನ ವರ್ಷ ಓದಲಾಗದು. ಈ ಭೇದವನ್ನು ಯೋಜನೆ ರೂಪಿಸುವವರು ಗ್ರಹಿಸಬೇಕು.

ಹಣಕ್ಕಿಂತ ಕಠಿಣವಾದ ಪ್ರಶ್ನೆ ಹೊಣೆಗಾರಿಕೆಯದ್ದು. 1957ರ ಫಿಲಂ ಕ್ಯಾಮೆರಾ ಇಂದಿಗೂ ಕೆಲಸ ಮಾಡುತ್ತದೆ. 2000ದ ದಶಕದ ಆರಂಭದ ಡಿಜಿಟಲ್ ಬ್ಯಾಕ್‌ಗಳ ಸ್ಥಿತಿ ಹಾಗಿಲ್ಲ. ಅವುಗಳ ಫೈರ್‌ವೈರ್ ತಂತಿಗೆ ಹೊಂದುವ ಜಾಗ ಇಂದಿನ ಕಂಪ್ಯೂಟರ್‌ಗಳಲ್ಲಿಲ್ಲ, ತಂತ್ರಾಂಶ ನಿಂತುಹೋಗಿದೆ, 2001ರಲ್ಲಿ ಬ್ಯಾಕ್ ಹೊರತಂದ ಕೊಡಾಕ್ ಆ ವ್ಯವಹಾರವನ್ನೇ ಬಿಟ್ಟಿದೆ, ಲೀಫ್ 2009ರಲ್ಲಿ ಫೇಸ್ ವನ್‌ನ ಪಾಲಾಯಿತು. ಬೆನ್ನು ಹೊಸದಾದಷ್ಟೂ ಬೇಗ ಹಳತಾಗುತ್ತದೆ ಎಂಬುದು ಈ ತಂತ್ರಜ್ಞಾನದ ಕಟು ಸತ್ಯ. ಅದಕ್ಕೆ ಇಲ್ಲಿನ ಹವಾಮಾನವೂ ಸೇರಿಕೊಳ್ಳುತ್ತದೆ. ಸಂವೇದಕ ಬಿಸಿಯಾದಂತೆ ಚಿತ್ರದಲ್ಲಿ ಅನಗತ್ಯ ಚುಕ್ಕೆಗಳು ಹೆಚ್ಚುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಾಂಗಣದ ಕೆಲಸ ಬೆಳಗಿನ ಜಾವಕ್ಕೆ ಸೀಮಿತವಾಗಬೇಕಾದೀತು.

ಕಡತಗಳ ಗಾತ್ರವೂ ಕಡೆಗಣಿಸುವಂಥದ್ದಲ್ಲ. 10 ಕೋಟಿ ಬಿಂದುಗಳ ಒಂದು ಮೂಲ ಚಿತ್ರ ಸುಮಾರು 200 ಮೆಗಾಬೈಟ್ ತೂಗುತ್ತದೆ. 10,000 ಚಿತ್ರಗಳಿಗೆ 2 ಟೆರಾಬೈಟ್. ಸುರಕ್ಷತೆಗಾಗಿ ಮೂರು ಪ್ರತಿ ಇಟ್ಟರೆ 6 ಟೆರಾಬೈಟ್. ಇದನ್ನು ಯಾವ ಕಚೇರಿಯಲ್ಲಿ ಇಡಬೇಕು, ಐದಾರು ವರ್ಷಕ್ಕೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸುವವರು ಯಾರು ಎಂಬುದು ಖರೀದಿ ಆದೇಶಕ್ಕೂ ಮೊದಲು ಇತ್ಯರ್ಥವಾಗಬೇಕಾದ ವಿಷಯ. ಸರ್ಕಾರಿ ಕಚೇರಿಗಳ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕುಳಿತ ಯಂತ್ರಗಳ ಸಾಲಿಗೆ ಇನ್ನೊಂದು ಸೇರಿದರೆ ಯಾರಿಗೂ ಪ್ರಯೋಜನವಿಲ್ಲ.

ಸಾಧ್ಯವಿರುವ ದಾರಿ

ಈ ಎಲ್ಲ ಅಂಶಗಳನ್ನು ತೂಗಿ ನೋಡಿದಾಗ ಯಾದಗಿರಿಯೊಂದೇ ಜಿಲ್ಲೆಗೆ ಪ್ರತ್ಯೇಕ ಡಿಜಿಟಲ್ ಬ್ಯಾಕ್ ಖರೀದಿಸುವುದು ಸಮರ್ಥನೀಯವಲ್ಲ. ಕಲಬುರಗಿ ವಿಭಾಗಕ್ಕೆಲ್ಲ ಒಂದು ಸಂಚಾರಿ ಘಟಕವಿದ್ದರೆ ಬೀದರ್‌ನಿಂದ ಬಳ್ಳಾರಿಯವರೆಗೆ ಅದು ಸರದಿಯಂತೆ ಸುತ್ತಬಹುದು. ಉಳಿದ ಕಾಲದಲ್ಲಿ ಸ್ಥಳೀಯವಾಗಿಯೇ ಸಾಕಷ್ಟು ಸಾಧ್ಯ. 6 ಕೋಟಿ ಬಿಂದುಗಳ ಸಾಮಾನ್ಯ ಕ್ಯಾಮೆರಾದಿಂದಲೂ ಎರಡು ಮೂರು ತುಂಡುಗಳಾಗಿ ಸೆರೆಹಿಡಿದು ಜೋಡಿಸಿದರೆ 20 ಅಂಗುಲದ ಚಿತ್ರಕ್ಕೆ 600 ಬಿಂದುಗಳ ಗುರಿ ಮುಟ್ಟಬಹುದು. ಕಾಲ ಹೆಚ್ಚು ಹಿಡಿಯುತ್ತದೆ, ಹಣ ಉಳಿಯುತ್ತದೆ. ಅತಿ ಮಹತ್ವದ, ಅತಿ ದುರ್ಬಲವಾದ ವಸ್ತುಗಳನ್ನು ಮಾತ್ರ ಘಟಕಕ್ಕೆ ಕಾಯ್ದಿರಿಸುವುದು ವಿವೇಕದ ಮಾರ್ಗ.

ಅದಕ್ಕೂ ಮುನ್ನ ಆಗಬೇಕಾದ ಕೆಲಸಕ್ಕೆ ಕ್ಯಾಮೆರಾವೇ ಬೇಡ. ಯಾವ ಮನೆಯಲ್ಲಿ, ಯಾವ ಮಠದಲ್ಲಿ, ಯಾವ ಸ್ಟುಡಿಯೊದಲ್ಲಿ ಏನಿದೆ ಎಂಬ ಪಟ್ಟಿ ತಯಾರಾಗಬೇಕು. ಫಿಲಂ ಬಿಟ್ಟು ಡಿಜಿಟಲ್ ಹಿಡಿಯಲಾಗದೆ ಅಂಗಡಿ ಮುಚ್ಚಿದ ಹಿರಿಯ ಛಾಯಾಗ್ರಾಹಕರನ್ನು ಈ ಕಾರ್ಯದಲ್ಲಿ ತೊಡಗಿಸಿಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಉಚಿತ. ಬೆಳಕನ್ನು ಅಳೆಯುವ, ನೆಗೆಟಿವ್ ಹಿಡಿಯುವ ಕೈಚಳಕ ಅವರಲ್ಲಿದೆ. ಯಾವ ಚಿತ್ರದಲ್ಲಿರುವವರು ಯಾರು ಎಂಬ ನೆನಪೂ ಅವರಲ್ಲಿದೆ. ನೆಗೆಟಿವ್ ಉಳಿದು ಆ ನೆನಪು ಅಳಿದರೆ ದೊರೆಯುವುದು ಹೆಸರಿಲ್ಲದ ಮುಖಗಳು ಮಾತ್ರ.

ಮೂಲ ವಸ್ತುವಿನ ಒಡೆತನದ ಬಗ್ಗೆ ಮನೆತನಗಳಿಗೆ ಇರುವ ಅಳುಕನ್ನೂ ಹೋಗಲಾಡಿಸಬೇಕು. 1858ರಲ್ಲಿ ಅರಮನೆ ಸೂರೆಯಾದುದನ್ನು ಮರೆಯದ ಊರಿದು. ಹೊರಗಿನಿಂದ ಬಂದವರ ಕೈಗೆ ವಸ್ತು ಕೊಡಲು ಹಿಂಜರಿಯುವುದು ಅಸ್ವಾಭಾವಿಕವೇನಲ್ಲ. ಮೂಲವು ಮನೆಯಲ್ಲಿಯೇ ಉಳಿಯುತ್ತದೆ, ಒಂದು ಪ್ರತಿ ಮನೆಗೂ ದೊರೆಯುತ್ತದೆ, ಅನುಮತಿಯಿಲ್ಲದೆ ಮಾರಾಟಕ್ಕೆ ಬಳಕೆಯಾಗದು ಎಂಬ ಲಿಖಿತ ಭರವಸೆ ಅಗತ್ಯ. ಸಂಚಾರಿ ಘಟಕವೇ ಮನೆ ಬಾಗಿಲಿಗೆ ಬರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಯಾದಗಿರಿ ಜಿಲ್ಲೆಯಾಗಿ ಒಂದೂವರೆ ದಶಕ ಕಳೆದಿದೆ. ಕಚೇರಿಗಳು ಬಂದಿವೆ, ತಾಲ್ಲೂಕುಗಳು ಮೂರರಿಂದ ಆರಾಗಿವೆ. ಆದರೆ ಜಿಲ್ಲೆಗೆ ತನ್ನದೇ ಮುಖದ ಸಮಗ್ರ ಚಿತ್ರಸಂಪುಟ ಇನ್ನೂ ದೊರೆತಿಲ್ಲ. ಟೇಲರ್‌ನ ಕಾಲದಲ್ಲಿ ಆ ಸಂಪುಟಗಳ ಕ್ಯಾಮೆರಾ ಸುರಪುರದ ಹೊರಗೇ ನಿಂತಿತು. ಈಗ ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇದೆ. ಕೊರತೆಯಿರುವುದು ಯಂತ್ರದ್ದಲ್ಲ, ಎಣಿಸಿ, ಅಳೆದು, ಕಾಪಿಡುವ ವ್ಯವಸ್ಥೆಯದು. ಅದನ್ನು ರೂಪಿಸುವ ಹೊಣೆ ಜಿಲ್ಲಾಡಳಿತ, ಮಂಡಳಿ ಹಾಗೂ ವಿದ್ಯಾಸಂಸ್ಥೆಗಳ ಮೇಲಿದೆ. ಇನ್ನೊಂದು ಬೇಸಿಗೆ ಕಳೆಯುವಷ್ಟರಲ್ಲಿ ತಗಡಿನ ಅಟ್ಟದ ಮೇಲಿನ ಇನ್ನಷ್ಟು ಪೆಟ್ಟಿಗೆಗಳು ಹುಳಿಯುತ್ತವೆ ಎಂಬುದನ್ನು ಅವರು ನೆನಪಿನಲ್ಲಿಡುವುದು ಒಳಿತು.